ಸಾವಿರ ಗಜದ ಗುರಿ ಮತ್ತು ಒಂದೇ ಸಮನಾದ ತೋಟೆ

ರೈಫಲ್ ಸ್ಪರ್ಧಿಗಳಿಗೆ ಸಾವಿರ ಗಜದ ಗುರಿ ಎಂದರೆ ನಿಜವಾದ ಪರೀಕ್ಷೆ. 1876ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಶುರುವಾದ ಪಾಮಾ ಪಂದ್ಯ ಇಂದಿಗೂ 800, 900 ಮತ್ತು 1000 ಗಜಗಳಲ್ಲೇ ನಡೆಯುತ್ತದೆ. ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ 1890ರಿಂದಲೂ ದೂರದ ಗುರಿಯ ಪಂದ್ಯಗಳು ನಡೆದುಬಂದಿವೆ. ಈಗ ಹಲವು ದೇಶಗಳಲ್ಲಿ ಜನಪ್ರಿಯವಾಗಿರುವ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಸಾವಿರ ಗಜಕ್ಕೆ ಇಡುವ ಗುರಿಫಲಕದ ಹತ್ತು ಅಂಕದ ವೃತ್ತ ಬರೀ 10 ಇಂಚು ಅಗಲ. ಅದರೊಳಗಿನ ಎಕ್ಸ್ ವೃತ್ತ 5 ಇಂಚು. ನಡುವೆ 914 ಮೀಟರ್ ಗಾಳಿ.

ಇಂಥ ಸ್ಪರ್ಧೆಗೆ ಇಳಿಯುವವರಲ್ಲಿ ಬಹಳಷ್ಟು ಮಂದಿ ತಮ್ಮ ತೋಟೆಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಅದಕ್ಕಾಗಿ ಅವರು ಪಡುವ ಶ್ರಮ ಹೊರಗಿನವರಿಗೆ ಅತಿ ಎನಿಸಬಹುದು. ಅದಕ್ಕೆ ಕಾರಣ ಲೆಕ್ಕದಲ್ಲಿದೆ. .308 ವಿಂಚೆಸ್ಟರ್ ತೋಟೆಯ 175 ಗ್ರೇನ್ ಗುಂಡು, ಅಂದರೆ ಸುಮಾರು 11 ಗ್ರಾಂ ತೂಕದ್ದು, ಸೆಕೆಂಡಿಗೆ 2600 ಅಡಿ ವೇಗದಲ್ಲಿ ನಳಿಗೆಯಿಂದ ಹೊರಟಿತೆನ್ನಿ. ಸಾವಿರ ಗಜ ಮುಟ್ಟಲು ಅದಕ್ಕೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಹತ್ತು ಮೀಟರಿಗೂ ಹೆಚ್ಚು ಕೆಳಗೆ ಎಳೆದಿರುತ್ತದೆ. ಮುಂದಿನ ಗುಂಡು ಬರೀ 30 ಅಡಿಯಷ್ಟು ಕಡಿಮೆ ವೇಗದಲ್ಲಿ ಹೊರಟರೆ ಸುಮಾರು 10 ಇಂಚು ಕೆಳಗೆ ಬೀಳುತ್ತದೆ. ಹತ್ತರ ವೃತ್ತದ ಪೂರ್ತಿ ಅಗಲ ಅಷ್ಟೇ. ಗುರಿಕಾರ ಏನೂ ತಪ್ಪು ಮಾಡದಿದ್ದರೂ ಅಂಕ ಕೈಬಿಟ್ಟಿತು. ಇದೇ ವ್ಯತ್ಯಾಸ ನೂರು ಗಜದಲ್ಲಿ ಎರಡು ಮಿಲಿಮೀಟರ್ ಕೂಡ ಆಗುವುದಿಲ್ಲ. ಹತ್ತಿರದಲ್ಲಿ ಕಣ್ಣಿಗೇ ಬೀಳದ ಲೋಪ ದೂರದಲ್ಲಿ ಸೋಲಾಗುತ್ತದೆ.

ಆದ್ದರಿಂದ ದೂರದ ಗುರಿಗೆ ಬೇಕಾದದ್ದು ಅತಿ ವೇಗದ ತೋಟೆಯಲ್ಲ, ಪ್ರತಿ ಬಾರಿಯೂ ಒಂದೇ ವೇಗ ಕೊಡುವ ತೋಟೆ. ವೇಗ ಏರುಪೇರಾಗಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ: ಮದ್ದಿನ ತೂಕ, ಮದ್ದು ಗುಂಡು ಎರಡನ್ನೂ ಹಿಡಿದಿರುವ ಹಿತ್ತಾಳೆ ಕೇಸಿನ ಒಳಗಿನ ಜಾಗ, ಕೇಸಿನ ಕತ್ತು ಗುಂಡನ್ನು ಹಿಡಿದಿರುವ ಬಿಗಿ, ಮದ್ದಿಗೆ ಬೆಂಕಿ ತಗಲುವ ರೀತಿ. ಮದ್ದನ್ನು ಒಳ್ಳೆಯ ತಕ್ಕಡಿ ನೋಡಿಕೊಳ್ಳುತ್ತದೆ. ಉಳಿದ ಮೂರೂ ಹಿತ್ತಾಳೆ ಮತ್ತು ಪ್ರೈಮರಿಗೆ ಸೇರಿದವು.

ಮೊದಲು ಪ್ರೈಮರ್. ಕೇಸಿನ ತಳದ ಕುಳಿಯಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು ಇದು. ಅದರೊಳಗೆ ಪೆಟ್ಟಿಗೆ ಸಿಡಿಯುವ ಮಿಶ್ರಣವಿರುತ್ತದೆ. ಇಂದಿನ ಬಹುಪಾಲು ಪ್ರೈಮರುಗಳಲ್ಲಿ ಅದರ ಮುಖ್ಯ ಅಂಶ ಲೆಡ್ ಸ್ಟಿಫ್ನೇಟ್. ಮಿಶ್ರಣದ ಮೇಲೆ ಅಡಿಗಲ್ಲಿನಂಥ ಸಣ್ಣ ಲೋಹದ ತುಂಡು. ಕೋವಿಯ ಸೂಜಿ ಬಟ್ಟಲಿಗೆ ಬಡಿದಾಗ ಮಿಶ್ರಣ ಈ ಅಡಿಗಲ್ಲಿಗೆ ಒತ್ತಿ ಸಿಡಿಯುತ್ತದೆ, ಜ್ವಾಲೆ ಕೇಸಿನ ತಳದ ಕಿಂಡಿಯಿಂದ ಮದ್ದಿಗೆ ನುಗ್ಗುತ್ತದೆ. ಅಡಿಗಲ್ಲು ಪ್ರೈಮರಿನಲ್ಲೇ ಇದ್ದು, ಕೇಸಿಗೆ ನಡುವೆ ಒಂದೇ ಕಿಂಡಿ ಇದ್ದರೆ ಅದು ಬಾಕ್ಸರ್ ಪದ್ಧತಿ. ಅಡಿಗಲ್ಲು ಕೇಸಿನ ಭಾಗವಾಗಿದ್ದು, ಪಕ್ಕಗಳಲ್ಲಿ ಸಣ್ಣ ಕಿಂಡಿಗಳಿದ್ದರೆ ಬರ್ಡಾನ್ ಪದ್ಧತಿ. ಎರಡೂ 1860ರ ದಶಕದವು. ಹಳೆಯ ಪ್ರೈಮರನ್ನು ನಡುವಿನ ಕಿಂಡಿಯಿಂದ ಕಡ್ಡಿ ತೂರಿಸಿ ಸುಲಭವಾಗಿ ಹೊರದೂಡಬಹುದು ಎಂಬ ಕಾರಣಕ್ಕೆ ಕೈಯಲ್ಲಿ ತೋಟೆ ಕಟ್ಟುವವರು ಬಾಕ್ಸರ್ ಕೇಸುಗಳನ್ನೇ ಬಳಸುತ್ತಾರೆ.

ಯಾವ ಪ್ರೈಮರ್ ಒಳ್ಳೆಯದು ಎಂಬುದು ಹೊಸಬರ ಮೊದಲ ಪ್ರಶ್ನೆ. ಅದರ ಅರ್ಧ ಉತ್ತರವನ್ನು ಕೇಸೇ ಹೇಳುತ್ತದೆ. ರೈಫಲ್ ಪ್ರೈಮರುಗಳಲ್ಲಿ ಎರಡು ಅಳತೆಗಳಿವೆ: ಚಿಕ್ಕದು 0.175 ಇಂಚು, ದೊಡ್ಡದು 0.210 ಇಂಚು. ಕೇಸಿನ ಕುಳಿ ಯಾವುದಕ್ಕಿದೆಯೋ ಅದೇ. .308 ತೋಟೆಗೆ ಸಾಮಾನ್ಯವಾಗಿ ದೊಡ್ಡ ಪ್ರೈಮರ್. ಆದರೆ ಫಿನ್ಲೆಂಡಿನ ಲಾಪುವಾ ಕಂಪನಿ ಪಾಮಾ ಸ್ಪರ್ಧಿಗಳಿಗೆಂದೇ ಚಿಕ್ಕ ಪ್ರೈಮರಿನ .308 ಕೇಸನ್ನೂ ಮಾಡುತ್ತದೆ. ಸಣ್ಣ ಜ್ವಾಲೆ ಹೆಚ್ಚು ಸಮನಾಗಿರುತ್ತದೆ, ತಳದ ಹಿತ್ತಾಳೆ ಗಟ್ಟಿಯಾಗಿ ಉಳಿಯುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಕೊರೆಯುವ ಚಳಿಯಲ್ಲಿ ಆ ಸಣ್ಣ ಜ್ವಾಲೆ ಸಾಲದೆ ಹೋಗುವ ಸಾಧ್ಯತೆಯೂ ಇದೆ.

ಎರಡನೆಯ ಆಯ್ಕೆ ಸಾಧಾರಣ ಮತ್ತು ಮ್ಯಾಗ್ನಂ ಪ್ರೈಮರುಗಳ ನಡುವಿನದು. ಮ್ಯಾಗ್ನಂ ಪ್ರೈಮರಿನ ಜ್ವಾಲೆಯ ಬಿಸಿ ಹೆಚ್ಚು, ಉರಿಯುವ ಹೊತ್ತೂ ಹೆಚ್ಚು. ದೊಡ್ಡ ಕೇಸಿನಲ್ಲಿ ನಿಧಾನವಾಗಿ ಉರಿಯುವ ಮದ್ದು ತುಂಬಿದಾಗ ಅದು ಬೇಕಾಗುತ್ತದೆ. ಮದ್ದು ತಯಾರಕರ ಕೈಪಿಡಿ ಇಂಥ ಮದ್ದಿಗೆ ಇಂಥ ಪ್ರೈಮರ್ ಎಂದು ಹೇಳಿಯೇ ಇರುತ್ತದೆ, ಅದನ್ನು ಮೀರಬಾರದು. ಬಟ್ಟಲಿನ ದಪ್ಪವನ್ನೂ ನೋಡಬೇಕು. ಚಿಕ್ಕ ರೈಫಲ್ ಪ್ರೈಮರುಗಳಲ್ಲಿ ಸಿಸಿಐ 400ರ ಬಟ್ಟಲು ತೆಳು, ಸಿಸಿಐ 450ರದು ದಪ್ಪ. ಹೆಚ್ಚಿನ ಒತ್ತಡದ ತೋಟೆಯಲ್ಲಿ ತೆಳು ಬಟ್ಟಲು ತೂತಾಗಿ ಬಿಸಿ ಅನಿಲ ಹಿಂದಕ್ಕೆ ಚಿಮ್ಮಬಹುದು.

ಇಷ್ಟಾದ ಮೇಲೆ ಉಳಿಯುವುದು ಬ್ರಾಂಡ್. ಫೆಡರಲ್ 210ಎಂ, ಸಿಸಿಐ ಬಿಆರ್-2 ಮುಂತಾದವು ಸ್ಪರ್ಧೆಗೆಂದೇ ಹೆಚ್ಚು ನಿಗಾ ವಹಿಸಿ ತಯಾರಾಗುವ ದೊಡ್ಡ ಪ್ರೈಮರುಗಳು. ಯಾವುದು ನಿಮ್ಮ ಮದ್ದಿಗೆ, ನಿಮ್ಮ ನಳಿಗೆಗೆ ಹೊಂದುತ್ತದೆ ಎಂಬುದು ಹಾರಿಸಿ ನೋಡಿದರಷ್ಟೇ ತಿಳಿಯುವುದು. ಒಂದು ಎಚ್ಚರಿಕೆ: ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತದೆ. ಹಳೆಯ ಪ್ರೈಮರಿಗೆ ಗರಿಷ್ಠ ಮಿತಿಯಲ್ಲಿ ಸುರಕ್ಷಿತವಾಗಿದ್ದ ಮದ್ದಿನ ಪ್ರಮಾಣ ಹೊಸದರೊಂದಿಗೆ ಅಪಾಯವಾಗಬಹುದು. ಮದ್ದು ಕಡಿಮೆ ಮಾಡಿ, ಕೈಪಿಡಿಯ ಆರಂಭದ ಪ್ರಮಾಣದಿಂದ ಮತ್ತೆ ಮೇಲೇರಬೇಕು.

ಪ್ರೈಮರನ್ನು ಆರಿಸುವಷ್ಟೇ ಮುಖ್ಯ ಅದನ್ನು ಕೂರಿಸುವುದು. ಅಡಿಗಲ್ಲಿನ ಕಾಲುಗಳು ಕುಳಿಯ ತಳವನ್ನು ಮುಟ್ಟಿರಬೇಕು. ಬಟ್ಟಲು ಕೇಸಿನ ತಳಮಟ್ಟಕ್ಕಿಂತ ಇಂಚಿನ ಸಾವಿರ ಭಾಗಗಳಲ್ಲಿ ಮೂರರಿಂದ ಐದು ಭಾಗದಷ್ಟು ಒಳಗಿರಬೇಕು. ಇದನ್ನು ನೋಡಲು ಬೆರಳೇ ಸಾಕು. ಕೂರಿಸಿದ ಮೇಲೆ ಕೇಸಿನ ತಳದ ಮೇಲೆ ತೋರುಬೆರಳಿನ ತುದಿ ಸವರಿದರೆ ನಡುವೆ ಸಣ್ಣ ತಗ್ಗು ಸಿಗಬೇಕು. ಉಬ್ಬು ತಗುಲಿದರೆ ಅದು ಪೂರ್ತಿ ಕೂತಿಲ್ಲ. ಅಂಥ ಪ್ರೈಮರಿನ ಮೇಲೆ ಸೂಜಿಯ ಪೆಟ್ಟಿನ ಸ್ವಲ್ಪ ಭಾಗ ಅದನ್ನು ಒಳದೂಡುವುದರಲ್ಲೇ ಕಳೆದು, ಹೊತ್ತಿಕೊಳ್ಳುವುದು ತಡವಾಗುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ. ಸೆಮಿ-ಆಟೊಮ್ಯಾಟಿಕ್ ರೈಫಲಿನಲ್ಲಿ ತೋಟೆಯ ಹಿಂಬದಿಗೆ ಬಂದು ಕೂರುವ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರುವ ಅಪಾಯವೂ ಇದೆ.

ಇನ್ನು ಹಿತ್ತಾಳೆ. ತೋಟೆಯ ಕೇಸಿನಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತುವು. ಈ ಲೋಹದ ಸ್ವಭಾವವನ್ನು ಜಗತ್ತಿಗೆ ಕಲಿಸಿದ ಪಾಠಗಳಲ್ಲಿ ಒಂದು ಭಾರತದ ಮಳೆಗಾಲದ್ದು. ಬ್ರಿಟಿಷ್ ಆಳ್ವಿಕೆಯ ದಿನಗಳಲ್ಲಿ ಸೇನೆ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಿರುತ್ತಿತ್ತು. ಹಾರಿಸದೆಯೇ, ಇದ್ದಲ್ಲಿಯೇ ಕೇಸುಗಳು ಬಿರುಕು ಬಿಡುತ್ತಿದ್ದವು. ಕಾರಣವನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ವಿವರಿಸಿದರು. ಕೇಸನ್ನು ಅಚ್ಚಿನಲ್ಲಿ ಎಳೆದು ರೂಪ ಕೊಡುವಾಗ ಲೋಹದೊಳಗೆ ಬಿಗುವು ಉಳಿಯುತ್ತದೆ. ಕುದುರೆಗಳ ಗಂಜಳದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ ಆ ಬಿಗುವಿರುವಲ್ಲೇ ಹಿತ್ತಾಳೆಯನ್ನು ಸೀಳುತ್ತದೆ. ಪರಿಹಾರ, ಕೇಸನ್ನು ಹದವಾಗಿ ಕಾಯಿಸಿ ಬಿಗುವು ತೆಗೆಯುವುದು. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್‌ನಿಂದ ಕೇಸು ತೊಳೆಯಬೇಡಿ ಎಂಬ ಇಂದಿನ ಎಚ್ಚರಿಕೆಯ ಹಿಂದೆಯೂ ಇದೇ ರಸಾಯನವಿದೆ.

ಹದವಾಗಿ ಕಾಯಿಸುವ ಈ ಕೆಲಸಕ್ಕೆ ಗುರಿಕಾರರು ಅನೀಲಿಂಗ್ ಎನ್ನುತ್ತಾರೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಗಡುಸಾಗಿ ಕೊನೆಗೆ ಮುರಿಯುವಂತೆ, ಪ್ರತಿ ಸಲ ಹಾರಿದಾಗ ಹಿಗ್ಗಿ, ಮತ್ತೆ ಅಚ್ಚಿನಲ್ಲಿ ಕುಗ್ಗಿ ಕೇಸಿನ ಕತ್ತು ಗಡುಸಾಗುತ್ತದೆ. ಗಡುಸಾದ ಕತ್ತು ಅಚ್ಚಿನಿಂದ ಹೊರಬಂದ ಮೇಲೆ ಬೇರೆ ರೀತಿ ಹಿಂದಕ್ಕೆ ಸಡಿಲುತ್ತದೆ, ಗುಂಡಿನ ಮೇಲಿನ ಹಿಡಿತ ಒಂದೊಂದು ಕೇಸಿನಲ್ಲಿ ಒಂದೊಂದು ತೆರನಾಗುತ್ತದೆ. ಕತ್ತು ಮತ್ತು ಅದರ ಕೆಳಗೆ ಇಳಿಜಾರಾಗಿ ಅಗಲವಾಗುವ ಹೆಗಲನ್ನಷ್ಟೇ ಕೆಲವು ಸೆಕೆಂಡು ಜ್ವಾಲೆಯಲ್ಲೋ ಇಂಡಕ್ಷನ್ ಯಂತ್ರದಲ್ಲೋ ಕಾಯಿಸಿದರೆ ಹಿತ್ತಾಳೆ ಮತ್ತೆ ಮೆದುವಾಗುತ್ತದೆ. ತಳವನ್ನು ಮಾತ್ರ ಯಾವ ಕಾರಣಕ್ಕೂ ಕಾಯಿಸಬಾರದು. .308 ತೋಟೆಯ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಅದನ್ನು ತಡೆದು ನಿಲ್ಲುವುದು ಗಡುಸಾದ ತಳವೇ. ಇಡೀ ಕೇಸನ್ನು ಓವನ್ನಿನಲ್ಲಿಟ್ಟು ಕಾಯಿಸುವುದು ಕಣ್ಣು, ಕೈಗಳಿಗೆ ಅಪಾಯ ತಂದುಕೊಳ್ಳುವ ಕೆಲಸ.

ಹಿತ್ತಾಳೆ ಸಿದ್ಧಪಡಿಸುವ ಕೆಲಸಗಳೆಲ್ಲ ಒಂದೇ ತೂಕದವಲ್ಲ. ಮೊದಲನೆಯದು ಮತ್ತು ಅಗ್ಗದ್ದು, ಒಂದೇ ತಯಾರಕರು ಒಂದೇ ಕಂತಿನಲ್ಲಿ ಮಾಡಿದ, ಅಂದರೆ ಒಂದೇ ಲಾಟಿನ, ಒಂದೇ ಸಂಖ್ಯೆಯ ಸಲ ಹಾರಿದ ಕೇಸುಗಳನ್ನು ಒಟ್ಟಿಗಿಟ್ಟುಕೊಳ್ಳುವುದು. ಹೊರಗಿನ ಅಳತೆ ಒಂದೇ ಇದ್ದರೂ ಗೋಡೆ ದಪ್ಪವಿರುವ ಕೇಸಿನೊಳಗೆ ಜಾಗ ಕಡಿಮೆ, ಒತ್ತಡ ಹೆಚ್ಚು. ಅನುಮಾನವಿದ್ದರೆ, ಹಾರಿದ ಕೇಸಿನ ಹಳೆ ಪ್ರೈಮರ್ ತೆಗೆಯದೆ ಬಾಯಿಮಟ್ಟ ನೀರು ತುಂಬಿ ತೂಗಿ, ಖಾಲಿ ಕೇಸಿನ ತೂಕ ಕಳೆದರೆ ಒಳಗಿನ ಜಾಗದ ಲೆಕ್ಕ ಸಿಗುತ್ತದೆ.

ಎರಡನೆಯದು ಅಚ್ಚಿಗೆ ಹಾಕುವುದು. ಹಾರಿದ ಕೇಸಿನ ಹೆಗಲನ್ನು ಇಂಚಿನ ಸಾವಿರ ಭಾಗಗಳಲ್ಲಿ ಎರಡು ಭಾಗದಷ್ಟು ಮಾತ್ರ ಹಿಂದೆ ತಳ್ಳಿದರೆ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ. ಅತಿಯಾಗಿ ತಳ್ಳಿದರೆ ಪ್ರತಿ ಸಲ ಹಾರಿದಾಗಲೂ ಕೇಸು ತಳದ ಸ್ವಲ್ಪ ಮೇಲೆ ಎಳೆದುಕೊಂಡು ಒಳಗೆ ಗೆರೆಯಂತೆ ಸವೆಯುತ್ತದೆ. ಆ ಸವೆತವನ್ನು ಪತ್ತೆಹಚ್ಚಲು ತಂತಿಯ ತುದಿಯನ್ನು ಚಿಕ್ಕದಾಗಿ ಬಗ್ಗಿಸಿ, ಕೇಸಿನೊಳಗೆ ತಳದವರೆಗೆ ಇಳಿಸಿ, ಗೋಡೆಗೆ ತಾಗಿಸಿ ಮೇಲೆಳೆಯಿರಿ. ನಡುವೆ ತುದಿ ಸಿಕ್ಕಿಕೊಂಡಂತಾದರೆ ಆ ಕೇಸಿನ ಆಯಸ್ಸು ಮುಗಿಯಿತು. ಇನ್ನೊಮ್ಮೆ ತುಂಬಿದರೆ ರೈಫಲಿನೊಳಗೇ ಎರಡು ತುಂಡಾಗಬಹುದು.

ಮೂರನೆಯದು ಕತ್ತಿನ ಹಿಡಿತ, ಅದರ ಜೊತೆಗೆ ಅನೀಲಿಂಗ್. ನಾಲ್ಕನೆಯದು ಉದ್ದ: .308 ಕೇಸು 2.015 ಇಂಚು ಮೀರಬಾರದು. ಮೀರಿದರೆ ಕೇಸಿನ ಬಾಯಿ ನಳಿಗೆಯಲ್ಲಿ ತೋಟೆ ಕೂರುವ ಗೂಡಿನ ಕೊನೆಗೆ ಒತ್ತಿ ಗುಂಡನ್ನು ಹಿಸುಕಿ ಒತ್ತಡ ಏರುತ್ತದೆ. ಕುಳಿಯ ತಳ ಸಮ ಮಾಡುವುದು, ಕಿಂಡಿಯ ಒಳಗಿನ ಚೂರು ಕೆರೆಯುವುದು ಒಂದು ಸಲ ಮಾಡಿದರೆ ಸಾಕು. ಒಳ್ಳೆಯ ದರ್ಜೆಯ ಕೇಸಿಗೆ ಅಷ್ಟೂ ಬೇಕಾಗದಿರಬಹುದು. ಕತ್ತಿನ ಹೊರಮೈ ಕೆತ್ತಿ ದಪ್ಪ ಸಮ ಮಾಡುವುದು, ಒಂದೊಂದು ಕೇಸನ್ನೂ ತೂಗಿ ಬೇರ್ಪಡಿಸುವುದು ಮೇಲಿನ ಹಂತದ ಸ್ಪರ್ಧಿಗಳ ಕೆಲಸ. ಹೊಸಬರು ಅಲ್ಲಿಂದ ಶುರುಮಾಡಿದರೆ ಸಮಯ ಹೋಗುತ್ತದೆ, ಲಾಭ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದ್ದು ಫಲ ಕೊಟ್ಟಿತೇ ಎಂದು ತಿಳಿಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು, ಒಂದು ಪ್ರೈಮರಿನಿಂದ ಐದು, ಇನ್ನೊಂದರಿಂದ ಐದು ಗುಂಡು ಹಾರಿಸಿ, ಏರುಪೇರು ಕಡಿಮೆ ತೋರಿಸಿದ್ದನ್ನು ಶ್ರೇಷ್ಠವೆಂದು ಘೋಷಿಸಿಬಿಡುತ್ತಾರೆ. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಒಂದು ತೋಟೆಯ ವೇಗದ ಏರುಪೇರನ್ನು ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ನಿಜವಾಗಿ ಸೆಕೆಂಡಿಗೆ 10 ಅಡಿ ಇದ್ದರೂ, ಐದು ಗುಂಡಿನ ಪರೀಕ್ಷೆಯಲ್ಲಿ ಅದು 4 ಎಂದೂ ತೋರಬಹುದು, 16 ಎಂದೂ ತೋರಬಹುದು. ಇಪ್ಪತ್ತು ಗುಂಡು ಹಾರಿಸಿದರೆ ಈ ಹರವು ಸುಮಾರು 7ರಿಂದ 13ಕ್ಕೆ ಇಳಿಯುತ್ತದೆ. ಒಂದೇ ಗುಣದ ಐದು ಪ್ರೈಮರುಗಳನ್ನು ಐದೈದು ಗುಂಡಿನಿಂದ ಪರೀಕ್ಷಿಸಿದರೂ ಅದರಲ್ಲೊಂದು ಗೆದ್ದಂತೆ ಕಾಣಲೇಬೇಕು. ಗೆಲ್ಲಿಸಿದ್ದು ಪ್ರೈಮರಲ್ಲ, ಆಕಸ್ಮಿಕ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸಾಕಷ್ಟು ಗುಂಡು ಹಾರಿಸಿ, ಬೇರೆ ದಿನ ಮತ್ತೊಮ್ಮೆ ಹಾರಿಸಿ, ಎಲ್ಲವನ್ನೂ ಬರೆದಿಡಿ. ಎರಡನೇ ದಿನವೂ ನಿಂತ ವ್ಯತ್ಯಾಸವನ್ನು ನಂಬಿ. ಹಾಗೆ ಆರಿಸಿದ ಪ್ರೈಮರನ್ನು ಒಂದೇ ಲಾಟಿನಲ್ಲಿ, ಒಂದು ಋತುವಿಗೆ ಸಾಕಾಗುವಷ್ಟು ಒಟ್ಟಿಗೆ ತಂದಿಟ್ಟುಕೊಳ್ಳಿ.

ಸುರಕ್ಷತೆಯ ಮಾತು ಕೆಲವೇ, ಆದರೆ ಕಡ್ಡಾಯ. ಪ್ರೈಮರುಗಳನ್ನು ಬಂದ ಪೊಟ್ಟಣದಲ್ಲೇ ಇಡಬೇಕು. ಗಾಜಿನ ಸೀಸೆಯಲ್ಲಿ ರಾಶಿ ಹಾಕಿದರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ. ಕೆಲಸಕ್ಕೆ ಕೂತಾಗ ಕನ್ನಡಕ ಇರಲಿ. ಹಾರಿದ ಪ್ರೈಮರಿನ ಮಸಿಯಲ್ಲಿ ಸೀಸವಿರುತ್ತದೆ; ಅಲ್ಲಿ ತಿನ್ನುವುದು ಬೇಡ, ಎದ್ದ ಕೂಡಲೇ ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ. ಮದ್ದಿನ ಪ್ರಮಾಣವನ್ನು ತಯಾರಕರ ಇತ್ತೀಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಗೆಳೆಯರ ಬಾಯಿಮಾತಿನಿಂದಲ್ಲ.

ಕಾನೂನನ್ನೂ ತಿಳಿದಿರಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ಕಟ್ಟಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಮಾರಲು ಲೈಸೆನ್ಸ್ ಬೇಕು, ರಾಜ್ಯಗಳ ನಿಯಮ ಬೇರೆ ಬೇರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟೆಯ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಮದ್ದುಗುಂಡು ಎಂದೇ ಪರಿಗಣಿಸುತ್ತದೆ. ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೇ ಹೊರತು ತೋಟೆ ತಯಾರಿಸುವುದಕ್ಕಲ್ಲ. ನಮ್ಮಲ್ಲಿ ಈ ವಿದ್ಯೆಯನ್ನು ಓದಿ ತಿಳಿದರೆ, ಕೊಳ್ಳುವ ಕಾರ್ಖಾನೆ ತೋಟೆಯನ್ನು ಅದರ ಲಾಟ್ ನೋಡಿ ಆರಿಸುವ ಜಾಣ್ಮೆಯಾದರೂ ಬರುತ್ತದೆ.

ಪ್ರೈಮರಿನಲ್ಲಾಗಲಿ ಹಿತ್ತಾಳೆಯಲ್ಲಾಗಲಿ ಮಂತ್ರದಂಥ ಬ್ರಾಂಡ್ ಯಾವುದೂ ಇಲ್ಲ. ಕೇಸುಗಳನ್ನು ವಿಂಗಡಿಸಿ, ಅಚ್ಚಿಗೆ ಹದವಾಗಿ ಹಾಕಿ, ಪ್ರೈಮರನ್ನು ತಳಮುಟ್ಟ ಕೂರಿಸಿ, ಸಿಕ್ಕ ಫಲವನ್ನು ಪ್ರಾಮಾಣಿಕವಾಗಿ ಅಳೆದವನ ತೋಟೆಯೇ ಸಾವಿರ ಗಜದಲ್ಲಿ ಒಂದೇ ಸಮನಾಗಿ ನಡೆದುಕೊಳ್ಳುತ್ತದೆ. ಹೊಸದಾಗಿ ಹಣ ಹಾಕುವ ಮೊದಲು ಈ ನಾಲ್ಕನ್ನು ಸರಿಯಾಗಿ ಮಾಡಿ ನೋಡಿ.