ಬೆಲೆಯಿಲ್ಲದ ಮರಕ್ಕೂ ಒಂದು ಸಾಲು

ಚೆರ್ರಿ ಎಂದೊಡನೆ ನಮಗೆ ಕಾಶ್ಮೀರ ನೆನಪಾಗುತ್ತದೆ. ಆದರೆ ಚೆರ್ರಿ, ಬಾದಾಮಿ, ಪ್ಲಮ್‌ಗಳ ಕುಲಕ್ಕೇ ಸೇರಿದ ಪ್ರೂನಸ್ ಸಿಲಾನಿಕಾ ಎಂಬ ಕಾಡುಮರ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಅರಣ್ಯಗಳಲ್ಲಿ ವಿರಳವಾಗಿ ಉಳಿದಿದೆ. ಪೇಟೆಯಲ್ಲಿ ಇದಕ್ಕೆ ಬೆಲೆಯಿಲ್ಲ. ಆದ್ದರಿಂದ ಗಮನವೂ ಇಲ್ಲ.

ಬೆಲೆ ಬಂದರೆ ಉಳಿದೀತೆ? ಇದರ ಬಂಧುವಾದ ಪ್ರೂನಸ್ ಆಫ್ರಿಕಾನದ ತೊಗಟೆಯನ್ನು ಪ್ರಾಸ್ಟೇಟ್ ಔಷಧಕ್ಕಾಗಿ ಎಗ್ಗಿಲ್ಲದೆ ಸುಲಿದ ಪರಿಣಾಮ, 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಯಂತ್ರಿಸಬೇಕಾಯಿತು. ಮಾರುಕಟ್ಟೆಯ ದರವೇ ಮೌಲ್ಯವಲ್ಲವೆಂಬುದಕ್ಕೆ, ಅರ್ಥಶಾಸ್ತ್ರ ಓದಿದ ನನಗೆ, ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಡತದಲ್ಲಿಲ್ಲದ್ದು ಆಡಳಿತದ ಕಣ್ಣಿಗೆ ಬೀಳುವುದಿಲ್ಲವೆಂಬುದು ನನ್ನ ಸೇವಾವಧಿಯ ಅನುಭವ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಜನತಾ ದಾಖಲಾತಿ ಸಿದ್ಧಪಡಿಸಬೇಕು. ಹಾಸನ ಜಿಲ್ಲೆಗೆ ಈ ಕೆಲಸ ಹೊಸದಲ್ಲ: ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಅವರ ಜಿಲ್ಲಾ ಸಸ್ಯಸಂಪತ್ತಿನ ಬೃಹದ್ಗ್ರಂಥ 1976ರಲ್ಲೇ ಪ್ರಕಟವಾಗಿದೆ.

ಕಾಡಿನ ಚಿಂತೆ ಸಕಲೇಶಪುರಕ್ಕೆ ಮಾತ್ರ ಸೇರಿದ್ದೆಂದು ಬಯಲುಸೀಮೆಯವರು ಭಾವಿಸಬಾರದು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗದ್ದೆಗಳಿಗೆ ಹರಿಯುವ ಹೇಮಾವತಿ ಹೊತ್ತು ತರುವುದು ಘಟ್ಟದ ಕಾಡುಗಳಲ್ಲಿ ಇಂಗಿದ ಮಳೆಯನ್ನೇ. ಆ ಕಾಡನ್ನು ಕಟ್ಟಿರುವುದು ಹೆಸರೇ ಕೇಳದ ಇಂಥ ಮರಗಳು. ದಾಖಲಾತಿಯಲ್ಲಿ 'ಉಪಯೋಗ'ದ ಕಲಂ ಖಾಲಿಯಿದ್ದರೂ ಅವುಗಳಿಗೊಂದು ಸಾಲು ಮೀಸಲಿರಲಿ.