ಆಕಾಶದಿಂದ ಇಳಿವ ಚಿತ್ರ

೨೦೨೪ನೆಯ ಇಸವಿ ಆಗಸ್ಟ್ ೧೦ನೆಯ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋದುದನ್ನು ನಮ್ಮ ಸೀಮೆಯವರು ಮರೆತಿರಲಾರರು. ಇರುವ ಮೂವತ್ತಮೂರು ಗೇಟುಗಳಲ್ಲಿ ಅದೊಂದು ಹೋದುದರಿಂದ, ಕಟ್ಟೆಯ ಮೇಲಣ ಒತ್ತಡವನ್ನು ತಗ್ಗಿಸುವುದಕ್ಕಾಗಿ ಉಳಿದವನ್ನೂ ಎತ್ತಿ ನದಿಗೆ ನೀರು ಬಿಡಬೇಕಾಯಿತು. ಹರಿವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದ ಸಾಹಸವನ್ನು ಪತ್ರಿಕೆಗಳೆಲ್ಲ ವರ್ಣಿಸಿರುವುವು. ನಾವು ಇಲ್ಲಿ ಹೇಳಹೊರಟಿರುವುದು ಆ ವಾರದಲ್ಲಿ ಸಿರುಗುಪ್ಪ ತಾಲ್ಲೂಕಿನ ನಮ್ಮ ತಮ್ಮಂದಿರ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು.

ಅವರ ಭತ್ತದ ಗದ್ದೆ ನದಿಯ ಮಗ್ಗುಲಿಗೇ ಇರುವುದು. ನಾಟಿ ಮುಗಿದಿತ್ತು. ನೀರು ಏರುವುದೆಂಬ ಸುದ್ದಿ ಬಂದೊಡನೆ, ದಂಡೆಯ ಮೇಲಿದ್ದ ಮೋಟಾರನ್ನು ಬಿಚ್ಚಿ ತರಲು ಮನೆಯ ಆಳು ಬೆಳಗಿನಲ್ಲಿಯೇ ಹೋದನು, ಮಧ್ಯಾಹ್ನವಾದರೂ ಹಿಂದಿರುಗಲಿಲ್ಲ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಮ್ಮನ ಮೊಮ್ಮಗನು ತನ್ನ ಚಿಕ್ಕ ಡ್ರೋನನ್ನು ಮಾಳಿಗೆಯ ಮೇಲಿಂದ ಹಾರಿಸಿ, ಮೊಬೈಲಿನ ತೆರೆಯನ್ನು ನಮ್ಮೆಲ್ಲರ ಮುಂದೆ ಹಿಡಿದನು. ಕೆಂಪು ನೀರು, ಮುಳುಗಿದ ಮಡಿಗಳು, ಒಂದು ಜಾಲಿಯ ಮರ, ಅದರ ಬುಡದಲ್ಲಿ ಬದುವಿನ ಮೇಲೆ ನಿಂತ ಆಳು.

“ಅಲ್ಲೇ ಬದುವಿನ ಮ್ಯಾಲೆ ನಿಂತಾನೆ ತಾತ, ಏನೂ ಆಗಿಲ್ಲ” ಎಂದನು ಹುಡುಗನು. ನಮಗೆ ಹೋದ ಜೀವ ಬಂದಂತಾಯಿತು. ಹಗ್ಗ ಹಿಡಿದು ಹೊರಟಿದ್ದ ನೆರೆಯವರಿಗೆ, ಅವಸರವಿಲ್ಲ, ಊಟ ಮುಗಿಸಿ ಹೋಗಿರೆಂದು ಹೇಳಿದವರು ನಾವೇ. ಆದರೆ ನಮ್ಮ ತಮ್ಮನ ಹೆಂಡತಿ ಆ ತೆರೆಯನ್ನು ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ, “ಭಾವನವರೇ, ಇಷ್ಟು ಗಾಳಿ ಐತಿ, ಆ ಜಾಲಿ ಟೊಂಗಿ ಒಂದೂ ಅಲುಗಾಡವಲ್ದಲ್ಲ?” ಎಂದರು.

ನಿಜ. ಚಿತ್ರ ನಿಂತುಹೋಗಿತ್ತು. ನಾವು ನೋಡುತ್ತಿದ್ದುದು ನಾಲ್ಕೈದು ನಿಮಿಷಗಳ ಹಿಂದಿನ ಬದುವನ್ನು. ಹಗ್ಗದವರು ಓಡಿದರು. ಅವರು ಮುಟ್ಟುವ ವೇಳೆಗೆ ಬದು ಒಡೆದು, ಆ ಮನುಷ್ಯನು ಎದೆಯುದ್ದದ ನೀರಿನಲ್ಲಿ ಜಾಲಿಯ ಬೊಡ್ಡೆಯನ್ನು ಅಪ್ಪಿ ನಿಂತಿದ್ದನು. ಮೈಯೆಲ್ಲ ಮುಳ್ಳು ಗೀರಿತ್ತು. ಬದುಕಿ ಬಂದನು, ಮೋಟಾರು ಹೋಯಿತು.

ಆ ದಿನ ನಮಗೆ ನಿದ್ರೆ ಬರಲಿಲ್ಲ. ಕಪ್ಪಾಗಿ ಹೋಗುವ ತೆರೆಯಾದರೆ ತಾನು ಕುರುಡೆಂದು ಒಪ್ಪಿಕೊಳ್ಳುತ್ತದೆ. ನಿಂತುಹೋದ ಚಿತ್ರವು ಹಾಗಲ್ಲ, ಕಂಡವನಂತೆಯೇ ಸಾಕ್ಷಿ ನುಡಿಯುತ್ತದೆ. ಇದು ಹೇಗಾಯಿತೆಂದು ಹುಡುಗನನ್ನು ಕುಳ್ಳಿರಿಸಿಕೊಂಡು ಕೇಳಿದೆವು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಪಾಠ ಕೇಳುವುದು ಸುಲಭವಲ್ಲ, ಆದರೂ ಕೇಳಿದೆವು.

ಕ್ಯಾಮೆರಾದಲ್ಲಿ ಚಿತ್ರವೆಂಬುದು ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳ ರಂಗೋಲಿ. ಸೆಕೆಂಡಿಗೆ ಇಂಥವು ಮೂವತ್ತು. ಚುಕ್ಕೆಯೊಂದರ ಬಣ್ಣಕ್ಕೆ ಇಪ್ಪತ್ತನಾಲ್ಕು ಬಿಟ್ಟುಗಳಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ನೂರೈವತ್ತು ಕೋಟಿ ಬಿಟ್ಟುಗಳಾಗುವುವು. ಇಷ್ಟನ್ನು ಒಂದು ಸಣ್ಣ ರೇಡಿಯೋ ಹೊತ್ತು ತರಲಾರದು. ಆದುದರಿಂದ ಯಂತ್ರವು ಒಂದು ಚಿತ್ರವನ್ನು ಪೂರ್ಣವಾಗಿ ಕಳುಹಿಸಿ, ಅದರ ಬೆನ್ನಿಗೆ, ಹಿಂದಿನದಕ್ಕಿಂತ ಬದಲಾದುದೇನೋ ಅಷ್ಟನ್ನು ಮಾತ್ರ ಕಳುಹಿಸುವುದು. ಈ ಉಪಾಯದಿಂದ ಹೊರೆ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುವುದು. ಆದರೆ ನಡುವೆ ಒಂದು ತುಂಡು ಕಳೆದರೆ, ಮುಂದಿನ ಪೂರ್ಣ ಚಿತ್ರ ಬರುವವರೆಗೂ ತೆರೆಯ ಮೇಲೆ ಚೌಕ ಚೌಕವಾಗಿ ಕಲಸಿಹೋಗುವುದು.

ಕಳೆದ ತುಂಡನ್ನು ಏನು ಮಾಡಬೇಕೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಸಾಮಾನ್ಯವಾದ ವೈಫೈ ರಿಜಿಸ್ಟರ್ಡ್ ಟಪಾಲಿನಂತೆ: ಪ್ರತಿಯೊಂದು ಪೊಟ್ಟಣಕ್ಕೂ ಮುಟ್ಟಿತೆಂಬ ರಸೀದಿ ಬರಬೇಕು, ಬಾರದಿದ್ದರೆ ಪುನಃ ಕಳುಹಿಸಬೇಕು. ಮನೆಯೊಳಗೆ ಇದು ಚೆನ್ನು. ದೂರವಾದಾಗಲಾದರೋ, ಹಳೆಯದನ್ನೇ ಮರಳಿ ಮರಳಿ ಕಳುಹಿಸುತ್ತಿರಲು ಹೊಸದು ಹಿಂದೆ ಸಾಲುಗಟ್ಟಿ ನಿಲ್ಲುವುದು. ನೋಡುವವನಿಗೆ ಕೊನೆಯ ಒಳ್ಳೆಯ ಚಿತ್ರವೇ ಉಳಿಯುವುದು. ನಮ್ಮಲ್ಲಿ ನಡೆದುದು ಇದೇ ಎಂದು ಹುಡುಗನ ಅಭಿಪ್ರಾಯ. ಡ್ರೋನು ಬೀಳಲಿಲ್ಲವೇಕೆಂದರೆ, ಮೇಲಕ್ಕೆ ಹೋಗುವ ಆಜ್ಞೆಯ ದಾರಿ ಬೇರೆ. ಅದರ ಹೊರೆ ಅತ್ಯಲ್ಪವಾದುದರಿಂದ ಅದು ದೂರದವರೆಗೂ ಬಾಳುವುದು.

ಎರಡನೆಯ ಕ್ರಮವು ಡಂಗುರದಂತೆ. ಸಾರುವವನು ಸಾರಿಕೊಂಡು ಹೋಗುತ್ತಾನೆ, ಯಾರು ಕೇಳಿದರೆಂದು ವಿಚಾರಿಸುವುದಿಲ್ಲ. ಆದರೆ ಕೇಳದೆ ಹೋದುದನ್ನು ಕೇಳುವವನೇ ತುಂಬಿಕೊಳ್ಳುವಂತೆ ಮೊದಲೇ ಏರ್ಪಾಡು ಮಾಡಿರುತ್ತಾನೆ. ಎಂಟು ಪೊಟ್ಟಣಗಳ ಜೊತೆಗೆ, ಅವುಗಳಿಂದಲೇ ಗಣಿಸಿ ತೆಗೆದ ನಾಲ್ಕನ್ನು ಸೇರಿಸಿ ಹನ್ನೆರಡು ಕಳುಹಿಸುವುದು. ಹನ್ನೆರಡರಲ್ಲಿ ಯಾವ ಎಂಟು ಮುಟ್ಟಿದರೂ ಪೂರ್ಣವಾಗುವುದು. ಇದನ್ನು ಕೇಳಿದಾಗ ನಮಗೆ ಹಿಂದೆ ಗುರುಗಳು ಹೇಳಿಸಿದ ಕ್ರಮ, ಜಟಾ, ಘನ ಪಾಠಗಳು ನೆನಪಾದುವು. ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿಸಿದ್ದು ಒಂದು ಅಕ್ಷರ ಜಾರಿದರೂ ಪಕ್ಕದ್ದು ಹಿಡಿದುಕೊಡಲೆಂದೇ ಅಲ್ಲವೆ? ಆದರೆ ಅಲ್ಲಿರುವುದು ಪುನರುಕ್ತಿ, ಇಲ್ಲಿರುವುದು ಗಣಿತ. ಶಾಲೆಯ ಅಂಕಪಟ್ಟಿಯೇ ಇದಕ್ಕೆ ಹೆಚ್ಚು ಹತ್ತಿರ: ಆರು ವಿಷಯಗಳ ಅಂಕಗಳ ಕೆಳಗೆ ಮೊತ್ತವನ್ನು ಬರೆದಿದ್ದರೆ, ಇಲಿ ಒಂದು ಅಂಕವನ್ನು ಕಡಿದುಹಾಕಿದರೂ ಕಳೆದು ತಿಳಿಯಬಹುದು. ಬೇರೆ ಬೇರೆ ವಿಧವಾಗಿ ಕೂಡಿಸಿದ ನಾಲ್ಕು ಮೊತ್ತಗಳಿದ್ದರೆ ಇಲಿಗೆ ನಾಲ್ಕು ಅಂಕಗಳನ್ನು ಬಿಟ್ಟುಕೊಡಬಹುದು.

ಹುಡುಗನು ಇದನ್ನು ಕೇಳಿಬಿಟ್ಟು ಸುಮ್ಮನಿರಲಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನೂ ಈ ಡಂಗುರದ ಪದ್ಧತಿಯ ತಂತ್ರಾಂಶವನ್ನೂ ಕೂಡಿಸಿ ತನ್ನದೇ ಒಂದು ಡ್ರೋನನ್ನೂ ನೆಲದ ಠಾಣೆಯನ್ನೂ ಕಟ್ಟಿದನು. ಪರೀಕ್ಷೆಗೆ ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರನ ಏಕಶಿಲೆಯ ಮೂರ್ತಿಗೆ ಕೈಮುಗಿದು ಊರ ಹೊರಗಿನ ಬಯಲಿಗೆ ಬಂದೆವು. ಬಯಲಿನಲ್ಲಿ ಚಿತ್ರ ಕನ್ನಡಿಯಂತಿತ್ತು. ಡ್ರೋನು ಬಂಡೆಗಲ್ಲಿನ ಗುಡ್ಡದ ಮರೆಗೆ ಸರಿದುದೇ ತಡ, ಚೌಕಗಳೆದ್ದು ಎಲ್ಲವೂ ಮಾಯವಾಯಿತು. ೫.೮ ಗಿಗಾಹರ್ಟ್ಸಿನ ಈ ಅಲೆಗಳ ಉದ್ದ ಸುಮಾರು ಐದು ಸೆಂಟಿಮೀಟರು. ಅವು ಬೆಳಕಿನ ಹಾಗೆ ನೇರವಾಗಿ ನಡೆಯುವುವಲ್ಲದೆ ಗುಡ್ಡವನ್ನು ತೂರಲಾರವು. ಎಂಟಲ್ಲ, ಒಂದು ಪೊಟ್ಟಣವೂ ಬಾರದಿದ್ದ ಮೇಲೆ ಯಾವ ಮೊತ್ತದಿಂದ ಯಾವುದನ್ನು ಕಳೆಯುವುದು? ನಂಟು ಕಡಿದರೆ ಹೊರಟ ಜಾಗಕ್ಕೆ ತಾನೇ ಮರಳಬೇಕೆಂದು ಮೊದಲೇ ಹೇಳಿಟ್ಟಿದ್ದುದರಿಂದ ಡ್ರೋನು ಕ್ಷಣಕಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಕಾಣಿಸಿಕೊಂಡಿತು. ಇನ್ನೊಂದು ಸಂಗತಿ ಅಲ್ಲಿ ತಿಳಿಯಿತು. ಹುಡುಗನು ಆಂಟೆನಾದ ತುದಿಯನ್ನು ಬಾಣದಂತೆ ಡ್ರೋನಿಗೆ ಗುರಿಹಿಡಿದಿದ್ದನು. ಕಡ್ಡಿಯಂಥ ಆಂಟೆನಾದ ಶಕ್ತಿ ಇರುವುದು ಪಕ್ಕೆಗಳಲ್ಲಿ, ತುದಿಯಲ್ಲಲ್ಲ. ನೆಟ್ಟಗೆ ನಿಲ್ಲಿಸಿದ ಮೇಲೆ ಚಿತ್ರ ಸುಧಾರಿಸಿತು.

ಬಳ್ಳಾರಿಯ ನಮ್ಮ ಮನೆಯಲ್ಲಿ ಈ ವಿಷಯ ಬಂದಾಗ ಹೆಂಗಸರ ಪ್ರಶ್ನೆಯೇ ಬೇರೆಯಾಗಿತ್ತು. ಬೇಸಗೆಯಲ್ಲಿ ಊರಿನ ಅರ್ಧ ಜನ ಮಾಳಿಗೆಯ ಮೇಲೆ ಮಲಗುವವರು. ಅಲ್ಲಿಗೆ ಈ ಕಣ್ಣು ಬಂದರೆ? ೨೦೨೧ರ ಡ್ರೋನ್ ನಿಯಮಗಳು ಹಸುರು ವಲಯದಲ್ಲಿ ನಾನೂರು ಅಡಿಗಳವರೆಗೆ ಅಪ್ಪಣೆಯಿಲ್ಲದೆ ಹಾರಿಸಗೊಡುವುವು. ಇನ್ನೂರೈವತ್ತು ಗ್ರಾಮಿನವರೆಗಿನ ಡ್ರೋನಿಗೆ ಚಾಲಕನ ಪ್ರಮಾಣಪತ್ರವೂ ಬೇಡ. ಆಕಾಶ ಹಸುರಾದ ಮಾತ್ರಕ್ಕೆ ನೆರೆಯವರ ಮಾಳಿಗೆ ನಮ್ಮದಾಗದೆಂದು ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಡಂಗುರವನ್ನು ದಾರಿಹೋಕರೂ ಕೇಳಬಹುದೆಂಬುದರಿಂದ, ಪೊಟ್ಟಣಗಳನ್ನು ಗೂಢಲಿಪಿಯಲ್ಲಿಯೇ ಕಳುಹಿಸುವುದಾಗಿ ಅವನು ಒಪ್ಪಿರುವನು.

ಇನ್ನು ತಡದ ಮಾತು. ಅಲೆಗಳು ಒಂದು ಕಿಲೋಮೀಟರು ಬರಲು ಸೆಕೆಂಡಿನ ಮೂರು ಲಕ್ಷದಲ್ಲೊಂದು ಪಾಲು ಸಾಕು; ಹೊತ್ತು ಹಿಡಿಯುವುದು ಚಿತ್ರವನ್ನು ಮಡಿಸಿ ಬಿಚ್ಚುವ ಕೆಲಸಕ್ಕೆ. ಓಡುವ ಗಡಿಯಾರವೊಂದನ್ನು ಕ್ಯಾಮೆರಾದ ಮುಂದಿಟ್ಟು, ಗಡಿಯಾರವನ್ನೂ ತೆರೆಯನ್ನೂ ಒಟ್ಟಿಗೆ ಫೋಟೋ ತೆಗೆದು ಅಳೆದೆವು. ಹೆಚ್ಚುಕಡಿಮೆ ಸೆಕೆಂಡಿನ ಐದರಲ್ಲೊಂದು ಪಾಲು ಬಂದಿತು. ಸೆಕೆಂಡಿಗೆ ಹತ್ತು ಮೀಟರು ಹಾರುವ ಡ್ರೋನು ಅಷ್ಟರಲ್ಲಿ ಎರಡು ಮೀಟರು ಮುಂದೆ ಹೋಗಿರುವುದು. ತೆರೆಯಲ್ಲಿ ಮರ ಇನ್ನೂ ದೂರವಿರುವಾಗಲೇ ಅದು ಟೊಂಗೆಗೆ ತಗುಲಿರಬಹುದು.

ನಮ್ಮ ತಮ್ಮನ ಹೆಂಡತಿಗೆ ಈ ಐದರಲ್ಲೊಂದು ಪಾಲಿನ ಚಿಂತೆಯಿಲ್ಲ. ಆಕೆಯ ಹಟದಿಂದ ಹುಡುಗನು ಚಿತ್ರದ ಮೂಲೆಯಲ್ಲಿ ಒಂದು ಓಡುವ ಗಡಿಯಾರವನ್ನು ಕೂಡಿಸಿರುವನು. ಮೊದಲು ಅದನ್ನು ನೆಲದ ಠಾಣೆಯಲ್ಲಿ ಕೂಡಿಸಿದ್ದನು. ಚಿತ್ರ ನಿಂತರೂ ಅದು ತನ್ನ ಪಾಡಿಗೆ ಓಡುತ್ತಿತ್ತು. ಈಗ ಡ್ರೋನಿನಲ್ಲಿಯೇ ಕೂಡಿಸಿರುವುದರಿಂದ ಚಿತ್ರ ನಿಂತರೆ ಅದೂ ನಿಲ್ಲುವುದು. ಗದ್ದೆಯನ್ನು ತೋರಿಸಲು ಕರೆದಾಗಲೆಲ್ಲ ಆಕೆ ಸೆರಗಿನಿಂದ ಕನ್ನಡಕವನ್ನೊರೆಸಿಕೊಂಡು ಬಂದು, ಭತ್ತವನ್ನು ನೋಡುವ ಮುಂಚೆ ಆ ಮೂಲೆಯನ್ನು ನೋಡುತ್ತಾರೆ. “ಓಡ್ತೈತಿ, ಆಯ್ತು, ಈಗ ತೋರ್ಸು” ಎನ್ನುತ್ತಾರೆ.