ಎಚ್ಚರಿಕೆ ಬಂತು, ಡಾಕ್ಟರ್ ಎಲ್ಲಿ?

ಮನೋರೋಗ ಮರುಕಳಿಸುವುದನ್ನು ಇನ್ನು ಮೊಬೈಲೇ ಮುಂಚಿತವಾಗಿ ಹೇಳಿಬಿಡುತ್ತದಂತೆ. ಮನೆಯಿಂದ ಎಷ್ಟು ದೂರ ಹೋದಿರಿ, ಸರಿರಾತ್ರಿಯಲ್ಲಿ ಎಷ್ಟು ಹೊತ್ತು ಫೋನ್ ಒತ್ತಿದಿರಿ, ಸ್ಮಾರ್ಟ್‌ವಾಚ್ ಲೆಕ್ಕದಲ್ಲಿ ಎಷ್ಟು ನಿದ್ದೆಯಾಯಿತು ಎಂಬುದು ಸಿಕ್ಕರೆ ಸ್ಕಿಜೋಫ್ರೇನಿಯಾ ಹತೋಟಿಗೆ ಬಂದಂತೆಯೇ! ಇದಕ್ಕೆ ಬೆಂಗಳೂರು, ಭೋಪಾಲ್, ಬಾಸ್ಟನ್‌ಗಳಲ್ಲಿ ಮೈಂಡ್‌ಲ್ಯಾಂಪ್ ಆ್ಯಪ್ ಬಳಸಿ ನಡೆಸಿ, 2023ರಲ್ಲಿ ಪ್ರಕಟಿಸಿದ ಅಧ್ಯಯನದ ಆಧಾರ ಬೇರೆ. ರೋಗ ಉಲ್ಬಣಿಸುವ ಮುಂಚಿನ ತಿಂಗಳಲ್ಲಿ ಫೋನಿನ ದತ್ತಾಂಶದಲ್ಲಿ ಏರುಪೇರು ಹೆಚ್ಚಿತ್ತು ಎಂದು ಅದು ಹೇಳಿದ್ದು ನಿಜ. ಅದು ನಡೆದದ್ದು ಕೋವಿಡ್ ಕಾಲದಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಇರಲಿ, ಏರುಪೇರು ಕಂಡಮೇಲೆ ರೋಗಿಯನ್ನು ನೋಡುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್ ಪಕ್ಕದಲ್ಲಿರುವವರಿಗೆ ಈ ಪ್ರಶ್ನೆ ಏಳಲಿಕ್ಕಿಲ್ಲ, ಗದಗ ಜಿಲ್ಲೆಯ ಮುಂಡರಗಿಯಲ್ಲಿ ಏಳುತ್ತದೆ.

ಅದೇ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗ ಇರುವ 100 ಜನರಲ್ಲಿ 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಈ 85 ಜನರನ್ನು ಹುಡುಕಲು ಉಪಗ್ರಹ ಬೇಕೆ? ಮನೆಯವರಿಗೆ ಗೊತ್ತು, ಓಣಿಗೆ ಗೊತ್ತು, ಆಶಾ ಕಾರ್ಯಕರ್ತೆಗೆ ಗೊತ್ತು. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕಾದದ್ದು ಮಂಗಳವಾರ. ಬುಧವಾರ ಮೊಬೈಲ್ ಕೂಗಿಕೊಂಡರೆ ರೋಗ ಆರು ದಿನ ತಡೆದುಕೊಂಡಿರಬೇಕು. ಇಲ್ಲವೇ ಗದಗಿನ ಜಿಮ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಬಸ್ ಹತ್ತಬೇಕು, ಜೊತೆಗೆ ಹೋದವರ ಕೂಲಿಯೂ ಹೋಗಬೇಕು. ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ ಎಂದು ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿತ್ತು. ಉತ್ತರ ಕರ್ನಾಟಕದ ಪಾಲಿಗೆ ಯಾವಾಗಲೂ ಮೊದಲು ಬರುವುದು ವರದಿ, ಆಮೇಲೆ ಆ್ಯಪ್. ಡಾಕ್ಟರ್ ಮಾತ್ರ ಮುಂದಿನ ಬಜೆಟ್ಟಿಗೆ.

ರೋಗಿಯ ಒಪ್ಪಿಗೆ ಪಡೆದೇ ಮಾಹಿತಿ ತೆಗೆಯುತ್ತೇವೆ ಎನ್ನುತ್ತಾರೆ ಆ್ಯಪ್‌ನವರು. ಯಾರ ಒಪ್ಪಿಗೆ? ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತ ತಾಯಿಯ ಫೋನು ಮಗನ ಕೈಯಲ್ಲಿದ್ದರೆ, ದಾಖಲಾಗುವುದು ಮಗನ ನಿದ್ದೆಗೇಡಿತನ. ಶಿರಹಟ್ಟಿಯ ತಾಂಡಾದಿಂದ ಗೋವಾಕ್ಕೆ ಗುಳೆ ಹೋದವನ ಓಡಾಟ ಒಮ್ಮೆಲೇ ಬದಲಾದರೆ ಅದು ಹುಚ್ಚೋ, ಹಸಿವೋ? ರೀಚಾರ್ಜ್ ಮುಗಿದು ಮಾಹಿತಿ ನಿಂತುಹೋದರೆ ಅದನ್ನೂ ರೋಗಲಕ್ಷಣಕ್ಕೆ ಸೇರಿಸುತ್ತಾರೇನೋ. ಮಾನಸಿಕ ಆರೋಗ್ಯ ಕಾಯ್ದೆ 2017 ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. 2023ರ ದತ್ತಾಂಶ ಕಾಯ್ದೆಯಲ್ಲೋ ಆರೋಗ್ಯದ ಮಾಹಿತಿಗೆ ಪ್ರತ್ಯೇಕ ರಕ್ಷಣೆಯೇ ಇಲ್ಲ. ಡಾಕ್ಟರುಗಳ ಕೊರತೆ ಇರುವುದರಿಂದಲೇ ಯಂತ್ರ ಬೇಕು ಎಂಬ ಇನ್ನೊಂದು ವಾದವಿದೆ. ಕೊರತೆ ಮಳೆಯಂತೆ ಆಕಾಶದಿಂದ ಸುರಿದದ್ದಲ್ಲ, ನೇಮಕಾತಿ ಮಾಡದೆ ಉಳಿಸಿಕೊಂಡದ್ದು. ಫೋನನ್ನೇ ಬಳಸಬೇಕೆಂದರೆ 2022ರ ಅಕ್ಟೋಬರ್‌ನಿಂದ ಟೆಲಿಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ರೋಗಿ ತಾನಾಗಿ ಕರೆ ಮಾಡುತ್ತಾನೆ, ಆ ಕಡೆಯಿಂದ ಮನುಷ್ಯರು ಮಾತಾಡುತ್ತಾರೆ. ಅದಕ್ಕೆ ಜನರನ್ನು ಹೆಚ್ಚಿಸಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಆಸ್ಪತ್ರೆಗಳಲ್ಲಿ ವಾರದ ಆರೂ ದಿನ ಮನೋವೈದ್ಯರು ಕೂರಲಿ, ಮಾತ್ರೆ ತಪ್ಪದೆ ಸಿಗಲಿ. ರೋಗಿಯ ಕೈಗೆ ವಾಚ್ ಕಟ್ಟುವ ಮಾತು ಆಮೇಲೆ ಆಡೋಣ.